ತಾಲ್ಲೂಕು ಪೇಟೆಗಳಲ್ಲಿ ಮಳಿಗೆ ಬಾಡಿಗೆ: ಹನ್ನೊಂದು ತಿಂಗಳ ಪತ್ರ, ಐದು ವರ್ಷದ ಬಂಡವಾಳ

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಾಗ ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗ ಜಿಲ್ಲೆಯಿಂದ ಜಗಳೂರು ತಾಲ್ಲೂಕುಗಳು ಅದರಲ್ಲಿ ಸೇರ್ಪಡೆಯಾದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಈ ನಾಲ್ಕೂ ಊರುಗಳ ಪೇಟೆಯ ಸ್ವರೂಪ ಬದಲಾಗುತ್ತಿದೆ. ಹಿಂದೆ ಮನೆಯ ಮುಂಭಾಗದ ಪಡಸಾಲೆಯಲ್ಲಿಯೇ ನಡೆಯುತ್ತಿದ್ದ ವ್ಯಾಪಾರವು ಇಂದು ಬಸ್ ನಿಲ್ದಾಣದ ಆಸುಪಾಸಿನ ಶಟರ್ ಮಳಿಗೆಗಳಿಗೆ ಸ್ಥಳಾಂತರಗೊಂಡಿದೆ. ಸ್ವಂತ ಕಟ್ಟಡದಲ್ಲಿ ವ್ಯಾಪಾರ ಮಾಡುತ್ತಿದ್ದವರ ಮಕ್ಕಳು ಬಾಡಿಗೆ ಮಳಿಗೆಯಲ್ಲಿ ಉಪಾಹಾರ ಮಂದಿರ, ಬೇಕರಿ, ಸಿದ್ಧ ಉಡುಪು, ಮೊಬೈಲ್ ಫೋನ್ ಮುಂತಾದ ವಹಿವಾಟುಗಳನ್ನು ಆರಂಭಿಸುತ್ತಿದ್ದಾರೆ.

ಮಳಿಗೆ ಹಿಡಿಯುವಾಗ ವರ್ತಕರ ಗಮನವೆಲ್ಲ ಸಾಮಾನ್ಯವಾಗಿ ಎರಡು ಸಂಖ್ಯೆಗಳ ಮೇಲೆಯೇ ಇರುತ್ತದೆ: ತಿಂಗಳ ಬಾಡಿಗೆ ಎಷ್ಟು, ಮುಂಗಡ ಎಷ್ಟು. ಇವೆರಡರ ಬಗ್ಗೆ ವಾರಗಟ್ಟಲೆ ಚೌಕಾಶಿ ನಡೆಯುತ್ತದೆ. ಕರಾರಿನ ಅವಧಿಯ ವಿಷಯ ಬಂದಾಗ ಮಾತ್ರ ಪತ್ರ ಬರಹಗಾರರ ಬಳಿ ಸಿದ್ಧವಿರುವ ಹನ್ನೊಂದು ತಿಂಗಳ ನಮೂನೆಗೆ ಉಭಯತ್ರರೂ ಸಹಿ ಮಾಡಿ ಏಳುತ್ತಾರೆ. ವಾಸ್ತವವಾಗಿ ನಷ್ಟದ ಬೀಜ ಇರುವುದು ಈ ಮೂರನೆಯ ಸಂಖ್ಯೆಯಲ್ಲಿಯೇ.

ಹನ್ನೊಂದು ತಿಂಗಳೇ ಏಕೆ?

ಇದಕ್ಕೆ ಕಾರಣ ಸರಳ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 107ನೆಯ ಪ್ರಕರಣದ ಪ್ರಕಾರ ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆಯನ್ನು ನೋಂದಾಯಿತ ದಸ್ತಾವೇಜಿನ ಮೂಲಕ ಮಾತ್ರ ಮಾಡಬಹುದು. 1908ರ ನೋಂದಣಿ ಅಧಿನಿಯಮದ 17ನೆಯ ಪ್ರಕರಣವೂ ಇದನ್ನೇ ಕಡ್ಡಾಯಗೊಳಿಸುತ್ತದೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಮತ್ತು ಉಪನೋಂದಣಾಧಿಕಾರಿಗಳ ಕಚೇರಿಯ ಓಡಾಟವನ್ನು ತಪ್ಪಿಸಲು ಹನ್ನೊಂದು ತಿಂಗಳ ಪದ್ಧತಿ ಬೆಳೆದು ಬಂದಿದೆ. ವಾಸದ ಮನೆಗೆ ಇದು ಸಾಕಾದೀತು. ಒಲೆ, ಹೊಗೆ ಕೊಳವೆ, ನೀರಿನ ತೊಟ್ಟಿ, ನೆಲದ ಟೈಲ್ಸ್, ಶೈತ್ಯಾಗಾರಗಳಿಗೆ ಲಕ್ಷಾಂತರ ರೂಪಾಯಿ ಸುರಿಯುವ ಹೋಟೆಲಿಗೆ ಸಾಲದು.

ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಪತ್ರವಿಲ್ಲದೆ ಬಾಡಿಗೆ ಪಾವತಿ ಮುಂದುವರಿದರೆ, ಅದೇ ಅಧಿನಿಯಮದ 116ನೆಯ ಪ್ರಕರಣದ ಅನ್ವಯ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅಂತಹ ಬಾಡಿಗೆಯನ್ನು 106ನೆಯ ಪ್ರಕರಣದ ಪ್ರಕಾರ 15 ದಿನಗಳ ನೋಟೀಸು ನೀಡಿ ಕೊನೆಗೊಳಿಸಬಹುದು. ಹತ್ತು ವರ್ಷ ಒಂದೇ ಮಳಿಗೆಯಲ್ಲಿ ಕುಳಿತು ಹೆಸರು ಗಳಿಸಿದ ಬೇಕರಿಯ ಕಾನೂನುಬದ್ಧ ಭದ್ರತೆಯೂ ಹಲವು ವೇಳೆ ಈ 15 ದಿನ ಮಾತ್ರ. ಇನ್ನು, ಐದು ವರ್ಷವೆಂದು ಛಾಪಾ ಕಾಗದದ ಮೇಲೆ ಬರೆದು ನೋಂದಾಯಿಸದೆ ಬಿಟ್ಟ ಪತ್ರವು ಐದು ವರ್ಷದ ಹಕ್ಕನ್ನು ಸಾಬೀತುಪಡಿಸಲು ಸಾಕ್ಷ್ಯವಾಗಿ ಸ್ವೀಕಾರಾರ್ಹವಲ್ಲ. ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೆ 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದ 34ನೆಯ ಪ್ರಕರಣದಂತೆ ಕೊರತೆಯ ಹತ್ತು ಪಟ್ಟು ದಂಡವೂ ಬೀಳುತ್ತದೆ.

ಬಾಡಿಗೆ ಕಾಯಿದೆ ತಮ್ಮನ್ನು ಕಾಪಾಡುತ್ತದೆಂದು ಇಂದಿಗೂ ಅನೇಕ ಹಿರಿಯ ವರ್ತಕರು ನಂಬಿದ್ದಾರೆ. 1961ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್‌ವರೆಗಿನವಕ್ಕೆ ಮಾತ್ರ, ಅದೂ ಅನುಸೂಚಿಯ ಪ್ರದೇಶ ಮತ್ತು ಬಾಡಿಗೆ ಮಿತಿಗೆ ಒಳಪಟ್ಟು, ಅದು ಅನ್ವಯಿಸುತ್ತದೆ. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಅಂದರೆ ಬೀಡಾ ಅಂಗಡಿ, ಟೈಲರಿಂಗ್ ಅಂಗಡಿಯ ಅಳತೆ. ನಾಲ್ಕು ಮೇಜು ಹಾಕುವ ಉಪಾಹಾರ ಮಂದಿರ ಅದರಾಚೆಗೇ ಉಳಿಯುತ್ತದೆ. ಅಲ್ಲಿ ಬಾಡಿಗೆದಾರನಿಗೆ ಇರುವ ರಕ್ಷಣೆ ಅವನ ಕರಾರು ಪತ್ರ ಮತ್ತು ಸ್ವತ್ತು ವರ್ಗಾವಣೆ ಅಧಿನಿಯಮ ಮಾತ್ರ.

ಒಂದು ಲೆಕ್ಕ

ಉದಾಹರಣೆಗೆ, ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮಳಿಗೆಯಲ್ಲಿ ಉಪಾಹಾರ ಮಂದಿರವೊಂದು ಒಳಾಂಗಣ ಮತ್ತು ಅಡುಗೆಮನೆಗೆ 6 ಲಕ್ಷ ರೂಪಾಯಿ ವೆಚ್ಚ ಮಾಡಿತೆಂದು ಭಾವಿಸೋಣ. ಗೋಡೆ, ನೆಲ, ಕೊಳವೆಗಳಿಗೆ ಸೇರಿದ ಹಣ ಮಳಿಗೆ ಬಿಡುವಾಗ ಕೈಗೆ ಬರುವುದಿಲ್ಲ. ಈ 6 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000 ರೂಪಾಯಿ. ಆಗ ಸ್ಥಳದ ನಿಜವಾದ ವೆಚ್ಚ 30,000. ಅದನ್ನೇ 11 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 54,500 ರೂಪಾಯಿ. ಸ್ಥಳದ ವೆಚ್ಚ 74,500 ಆಗುತ್ತದೆ. ಬಾಡಿಗೆಯಲ್ಲಿ ಸಾವಿರ ರೂಪಾಯಿ ಕಡಿಮೆ ಮಾಡಿಸಿಕೊಂಡ ಸಂತೋಷ ಈ ವ್ಯತ್ಯಾಸದ ಮುಂದೆ ಏನೂ ಅಲ್ಲ.

ಹೆಚ್ಚಳದ ಷರತ್ತನ್ನೂ ಹೀಗೆಯೇ ಲೆಕ್ಕ ಹಾಕಿ ನೋಡಬೇಕು. ವರ್ಷಕ್ಕೆ ಶೇ. 5 ಎಂಬುದು ಮೂರು ವರ್ಷಕ್ಕೊಮ್ಮೆ ಶೇ. 15 ಎಂಬುದಕ್ಕಿಂತ ಹಗುರವಾಗಿ ಕೇಳಿಸುತ್ತದೆ. 20,000 ರೂಪಾಯಿ ಬಾಡಿಗೆಗೆ ಐದು ವರ್ಷಗಳಲ್ಲಿ ಮೊದಲನೆಯದರಂತೆ ಪಾವತಿಸುವ ಮೊತ್ತ ಸುಮಾರು 13,26,000 ರೂಪಾಯಿ. ಎರಡನೆಯದರಂತೆ 12,72,000 ರೂಪಾಯಿ. ಹಗುರವಾಗಿ ಕೇಳಿಸಿದ ಷರತ್ತಿನಲ್ಲಿಯೇ 54,000 ರೂಪಾಯಿ ಹೆಚ್ಚು ಹೋಗುತ್ತದೆ.

ಆದುದರಿಂದ ಬಂಡವಾಳ ಹಿಂದಿರುಗಲು ಬೇಕಾದಷ್ಟು ವರ್ಷಗಳ ನೋಂದಾಯಿತ ಗುತ್ತಿಗೆಯನ್ನು ಕೇಳುವುದು ವಿವೇಕ. ಇಲ್ಲೊಂದು ಭಾಷೆಯ ತೊಡಕೂ ಇದೆ. ನಮ್ಮ ಕಡೆ 'ಲೀಸ್' ಎಂದರೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯವೆಂದೇ ರೂಢಿ. ಗುತ್ತಿಗೆ ನೋಂದಣಿ ಎಂದೊಡನೆ ಮಾಲೀಕರು ತಮ್ಮ ಸ್ವತ್ತೇ ಕೈತಪ್ಪಿತೆಂದು ಹೆದರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ತಿಂಗಳ ಬಾಡಿಗೆಯೂ ಗುತ್ತಿಗೆಯೇ. ನೋಂದಾಯಿತ ಪತ್ರದಲ್ಲಿ ಅವಧಿ, ಹೆಚ್ಚಳ, ತೆರವು ಎಲ್ಲವೂ ಸ್ಪಷ್ಟವಾಗಿರುವುದರಿಂದ ಮಾಲೀಕರಿಗೂ ಅದು ಅನುಕೂಲವೇ. ಇದನ್ನು ಮೊದಲೇ ಬಿಡಿಸಿ ಹೇಳಿದರೆ ಅರ್ಧ ಮಾತುಕತೆ ಮುಗಿದಂತೆ. ಐದು ವರ್ಷದ ಅವಧಿಯಲ್ಲಿ ಮೊದಲ ಮೂರು ವರ್ಷ ಮಾಲೀಕರು ತೆರವು ಕೇಳುವಂತಿಲ್ಲ, ಬಾಡಿಗೆದಾರ ಮಾತ್ರ ಮೂರು ತಿಂಗಳ ನೋಟೀಸು ನೀಡಿ ಬಿಡಬಹುದು ಎಂಬ ಷರತ್ತು ಹೊಸ ಉದ್ಯಮಕ್ಕೆ ಒಪ್ಪುವಂಥದು.

ಹೋಟೆಲಿಗೆ ಬೀಳುವ ಮರೆಯ ಹೊರೆ

2024ರ ಅಕ್ಟೋಬರ್ 10ರಿಂದ ಜಾರಿಗೆ ಬಂದ ಬದಲಾವಣೆಯೊಂದು ಅನೇಕರ ಗಮನಕ್ಕೆ ತಡವಾಗಿ ಬಂದಿದೆ. ಜಿ.ಎಸ್.ಟಿ. ನೋಂದಣಿ ಇಲ್ಲದ ಮಾಲೀಕರಿಂದ ನೋಂದಾಯಿತ ವರ್ತಕನು ವಾಣಿಜ್ಯ ಮಳಿಗೆಯನ್ನು ಬಾಡಿಗೆಗೆ ಪಡೆದರೆ, ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ಬಾಡಿಗೆದಾರನೇ ಪ್ರತ್ಯಾವರ್ತಿತ ಪಾವತಿ ಕ್ರಮದಲ್ಲಿ ಸಲ್ಲಿಸಬೇಕು. ತಾಲ್ಲೂಕು ಪೇಟೆಗಳ ಬಹುಪಾಲು ಮಾಲೀಕರ ಬಾಡಿಗೆ ಆದಾಯ ನೋಂದಣಿ ಮಿತಿಯಾದ 20 ಲಕ್ಷ ರೂಪಾಯಿ ಮುಟ್ಟದು. ಹಾಗಾಗಿ ಹೊರೆ ನೇರವಾಗಿ ಬಾಡಿಗೆದಾರನ ಮೇಲೆ ಬರುತ್ತದೆ. ಇದನ್ನು ನಗದು ಖಾತೆಯಿಂದಲೇ ಪಾವತಿಸಬೇಕು. ಹೂಡುವಳಿ ತೆರಿಗೆ ಜಮೆಯಿಂದ ಹೊಂದಿಸುವಂತಿಲ್ಲ.

ಸಾಮಾನ್ಯ ಪದ್ಧತಿಯಲ್ಲಿರುವ ಬಟ್ಟೆ ಅಥವಾ ಹಾರ್ಡ್‌ವೇರ್ ವರ್ತಕನು ಹೀಗೆ ಪಾವತಿಸಿದ್ದನ್ನು ಜಮೆಯಾಗಿ ಹಿಂಪಡೆಯುತ್ತಾನೆ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಜಮೆ ಪಡೆಯುವ ಹಕ್ಕೇ ಇಲ್ಲ. 20,000 ರೂಪಾಯಿ ಬಾಡಿಗೆಗೆ ತಿಂಗಳಿಗೆ 3,600, ವರ್ಷಕ್ಕೆ 43,200 ರೂಪಾಯಿ ಅದಕ್ಕೆ ಪೂರ್ತಿ ಖರ್ಚು. ಪಕ್ಕಪಕ್ಕದ ಎರಡು ಮಳಿಗೆಗಳಿಗೆ ಒಂದೇ ಬಾಡಿಗೆಯಿದ್ದರೂ ಬಟ್ಟೆ ಅಂಗಡಿಗೆ ಬೀಳುವ ವೆಚ್ಚ 20,000, ಹೋಟೆಲಿಗೆ 23,600.

ರಾಜಿ ತೆರಿಗೆ ಪದ್ಧತಿಯವರಿಗೆ 2025ರ ಜನವರಿ 16ರಿಂದ ಖಾಸಗಿ ಮಾಲೀಕರ ಬಾಡಿಗೆಯ ಮೇಲಿನ ಈ ಹೊಣೆಯಿಂದ ವಿನಾಯಿತಿ ದೊರೆತಿದೆ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿಯೊಳಗಿರುವ, ಮದ್ಯ ಪೂರೈಸದ ಹೋಟೆಲು ಇದನ್ನು ಪರಿಶೀಲಿಸಬಹುದು. ಅಲ್ಲಿಯೂ ದರ ಶೇ. 5, ಆದರೆ ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಬೆಣ್ಣೆ ದೋಸೆಯ ಬೆಲೆಯನ್ನು ಫಲಕದಲ್ಲಿ ಬರೆದ ಮೇಲೆ ಅದಕ್ಕೆ ತೆರಿಗೆ ಕೂಡಿಸಿ ಕೇಳುವುದು ಚನ್ನಗಿರಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ ಸುಲಭವಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ತೆರಿಗೆ ಸೇರಿದ ಬೆಲೆಯಲ್ಲಿ ವರ್ಷಕ್ಕೆ 60 ಲಕ್ಷ ರೂಪಾಯಿ ವಹಿವಾಟಿದ್ದರೆ ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಸುಮಾರು 2,85,700. ರಾಜಿ ಪದ್ಧತಿಯಲ್ಲಿ 3,00,000. ಹೆಚ್ಚುವರಿ 14,300 ರೂಪಾಯಿಗೆ ಪ್ರತಿಯಾಗಿ ಬಾಡಿಗೆ ತೆರಿಗೆಯ 43,200 ಉಳಿಯುತ್ತದೆ. ಗ್ರಾಹಕರಿಂದ ತೆರಿಗೆಯನ್ನು ಬೇರೆಯಾಗಿ ಪಡೆಯಬಲ್ಲ ಹೋಟೆಲಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಆದಾಯ ತೆರಿಗೆಯ ಮೂಲ ಕಡಿತದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 2025ರ ಏಪ್ರಿಲ್ 1ರಿಂದ ಬಾಡಿಗೆ ತಿಂಗಳಿಗೆ 50,000 ರೂಪಾಯಿ ಮೀರಿದರೆ ಮಾತ್ರ ಕಡಿತದ ಪ್ರಶ್ನೆ ಬರುತ್ತದೆ.

ಪುರಸಭೆ, ಪಟ್ಟಣ ಪಂಚಾಯಿತಿ ಮಳಿಗೆಗಳು

ಸ್ಥಳೀಯ ಸಂಸ್ಥೆಗಳ ವಾಣಿಜ್ಯ ಸಂಕೀರ್ಣಗಳು ಸಾಮಾನ್ಯವಾಗಿ ಪೇಟೆಯ ಆಯಕಟ್ಟಿನ ಜಾಗದಲ್ಲಿಯೇ ಇರುತ್ತವೆ. ಮಳಿಗೆಗಳನ್ನು ಬಹಿರಂಗ ಹರಾಜಿನ ಮೂಲಕ ನೀಡಲಾಗುತ್ತದೆ. ಹರಾಜಿನ ಬಿಸಿಯಲ್ಲಿ ಕೂಗಿದ ಬಾಡಿಗೆಯನ್ನು ವ್ಯಾಪಾರ ತಾಳಿಕೊಳ್ಳಲಾರದೆ ಬಾಕಿ ಬೆಳೆಯುವುದು ಒಂದು ಸಮಸ್ಯೆ. ಹರಾಜಿನಲ್ಲಿ ಪಡೆದವನೊಬ್ಬ, ನಡೆಸುವವನು ಇನ್ನೊಬ್ಬ ಎಂಬುದು ಅದಕ್ಕಿಂತ ದೊಡ್ಡ ಸಮಸ್ಯೆ. ಒಳಬಾಡಿಗೆಗೆ ಪಡೆದವನ ಹೆಸರು ಸಂಸ್ಥೆಯ ದಾಖಲೆಯಲ್ಲಿ ಎಲ್ಲಿಯೂ ಇರುವುದಿಲ್ಲ. 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಅಧಿನಿಯಮದಡಿ ತೆರವು ನಡೆದರೆ ಅವನು ಅನಧಿಕೃತ ಅಧಿಭೋಗದಾರನೇ. ಇಂತಹ ಮಳಿಗೆಯಲ್ಲಿ ಭಾರೀ ಬಂಡವಾಳ ಹೂಡುವುದು ತರವಲ್ಲ. ಮೇಲೆ ಹೇಳಿದ ರಾಜಿ ತೆರಿಗೆ ವಿನಾಯಿತಿಯು ಸ್ಥಳೀಯ ಸಂಸ್ಥೆಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಲ್ಲಿ ಪ್ರತ್ಯಾವರ್ತಿತ ಪಾವತಿ 2018ರ ಜನವರಿ 25ರಿಂದಲೇ ಇದೆ.

ಊರಿಗೆ ತಕ್ಕ ಷರತ್ತು

ನಾಲ್ಕು ಊರುಗಳಿಗೂ ಒಂದೇ ನಮೂನೆ ಹೊಂದದು. ಚನ್ನಗಿರಿ ಅಡಿಕೆಯ ಊರು. ಬೆಳೆಗಾರರ ಸಹಕಾರ ಸಂಸ್ಥೆ ತುಮ್ಕೋಸ್‌ನ ಕೇಂದ್ರ. ಕೊಯ್ಲಿನ ಹಣ ಓಡಾಡುವ ತಿಂಗಳುಗಳ ವ್ಯಾಪಾರಕ್ಕೂ ಉಳಿದ ತಿಂಗಳುಗಳ ವ್ಯಾಪಾರಕ್ಕೂ ಅಜಗಜಾಂತರ. ಅಡಿಕೆ ದರ ಏರಿದ ವರ್ಷ ಮಾಡಿಕೊಂಡ ಬಾಡಿಗೆ ದರ ಇಳಿದ ವರ್ಷವೂ ಅಷ್ಟೇ ಇರುತ್ತದೆ ಎಂಬುದನ್ನು ಮರೆಯಬಾರದು.

ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನದಿ ಉಕ್ಕಿದ ವರ್ಷಗಳಲ್ಲಿ ಬಾಲರಾಜ್ ಘಾಟ್‌ನಂತಹ ತಗ್ಗು ಪ್ರದೇಶಗಳಿಗೆ ನೀರು ನುಗ್ಗುತ್ತದೆ. ಪ್ರವಾಹದಿಂದ ಕಟ್ಟಡವು ಬಳಕೆಗೆ ಶಾಶ್ವತವಾಗಿ ಅಯೋಗ್ಯವಾದರೆ ಗುತ್ತಿಗೆಯನ್ನು ರದ್ದುಪಡಿಸುವ ಆಯ್ಕೆ ಬಾಡಿಗೆದಾರನಿಗೆ 108ನೆಯ ಪ್ರಕರಣದಲ್ಲಿ ಇದೆ. ಆದರೆ ನಾಲ್ಕು ದಿನ ನೀರು ನಿಂತು ಸರಕು ಹಾಳಾದುದಕ್ಕೆ ಅದು ಉತ್ತರವಾಗದು. ಅದಕ್ಕೆ ವಿಮೆಯೇ ಬೇಕು, ಅದೂ ಬಾಡಿಗೆದಾರನ ಹೆಸರಿನಲ್ಲಿ; ಮಾಲೀಕರ ಕಟ್ಟಡ ವಿಮೆಯು ಒಳಗಿನ ಸರಕಿಗೆ ಸೇರುವುದಿಲ್ಲ. ನೀರು ನಿಂತ ದಿನಗಳ ಬಾಡಿಗೆ ಮನ್ನಾ ಎಂಬ ಒಂದು ವಾಕ್ಯವನ್ನು ಪತ್ರದಲ್ಲಿ ಸೇರಿಸಲು ಯಾರೂ ಹಣ ಕೇಳುವುದಿಲ್ಲ.

ನ್ಯಾಮತಿಯಂತಹ ಹೊಸ ತಾಲ್ಲೂಕು ಕೇಂದ್ರದಲ್ಲಿ ಜನಸಂದಣಿ ಕಚೇರಿಗಳನ್ನು ಹಿಂಬಾಲಿಸುತ್ತದೆ. ಕಚೇರಿಗಳು ತಾತ್ಕಾಲಿಕ ಕಟ್ಟಡದಿಂದ ಸ್ವಂತ ಕಟ್ಟಡಕ್ಕೆ ಹೋದರೆ ಜೆರಾಕ್ಸ್ ಅಂಗಡಿಯ, ಊಟದ ಹೋಟೆಲಿನ ಗ್ರಾಹಕರೂ ಹೋಗುತ್ತಾರೆ. ಕಚೇರಿಯನ್ನೇ ನೆಚ್ಚಿದ ವ್ಯಾಪಾರಕ್ಕೆ ದೀರ್ಘ ಅವಧಿಗಿಂತ ಬಿಡುವ ಸ್ವಾತಂತ್ರ್ಯವೇ ಮುಖ್ಯ.

ಜಗಳೂರು ಮಳೆಯನ್ನು ನೆಚ್ಚಿದ ತಾಲ್ಲೂಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮೆಕ್ಕೆಜೋಳ ಕೈಕೊಟ್ಟ ವರ್ಷ ಬಾಡಿಗೆ ಬಾಕಿಯಾದರೆ ಕೂಡಲೇ ಎಲ್ಲ ಮುಗಿದಂತಲ್ಲ. ಬಾಕಿಯ ಕಾರಣದಿಂದಲೇ ಅವಧಿಗೆ ಮೊದಲು ತೆರವಿನ ದಾವೆ ಹೂಡಿದಾಗ, ವಿಚಾರಣೆಯ ವೇಳೆ ಬಾಕಿ, ಬಡ್ಡಿ ಮತ್ತು ದಾವೆಯ ವೆಚ್ಚವನ್ನು ಸಲ್ಲಿಸಿದರೆ 114ನೆಯ ಪ್ರಕರಣದಂತೆ ಗುತ್ತಿಗೆಯನ್ನು ಉಳಿಸಿಕೊಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆದರೆ ಉಳಿಸಿಕೊಳ್ಳಲು ಅವಧಿಯುಳ್ಳ ಗುತ್ತಿಗೆಯೊಂದು ಇರಬೇಕಷ್ಟೆ.

ಸಹಿಗೆ ಮುನ್ನ

ಖಾತೆ ಇನ್ನೂ ದಿವಂಗತ ತಂದೆಯ ಹೆಸರಿನಲ್ಲಿದ್ದು, ಬಾಡಿಗೆ ವಸೂಲು ಮಾಡುವ ಒಬ್ಬ ಮಗ ಮಾತ್ರ ಸಹಿ ಮಾಡುವುದು ನಮ್ಮ ಪೇಟೆಗಳಲ್ಲಿ ಸಾಮಾನ್ಯ. ಮುಂದೆ ಪಾಲಾದಾಗ ಮಳಿಗೆ ಬೇರೊಬ್ಬ ಸಹೋದರ ಅಥವಾ ಸಹೋದರಿಯ ಪಾಲಿಗೆ ಹೋದರೆ ಹೊಸ ಮಾಲೀಕರು ಹಳೆಯ ಪತ್ರವನ್ನು ಪ್ರಶ್ನಿಸುತ್ತಾರೆ, ಮುಂಗಡ ತಮಗೆ ಬಂದಿಲ್ಲವೆನ್ನುತ್ತಾರೆ. ಹಕ್ಕುದಾರರೆಲ್ಲರ ಸಹಿ ಪಡೆಯುವುದು, ಮುಂಗಡವನ್ನು ಬ್ಯಾಂಕ್ ಮೂಲಕವೇ ನೀಡಿ ಮೊತ್ತವನ್ನು ಪತ್ರದಲ್ಲಿ ನಮೂದಿಸುವುದು ಕ್ಷೇಮ. ಕೇಂದ್ರ ಸಂಪುಟವು 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಣಿಜ್ಯ ಮಳಿಗೆಗೆ ಆರು ತಿಂಗಳ ಬಾಡಿಗೆಯನ್ನು ಮುಂಗಡದ ಗರಿಷ್ಠ ಮಿತಿಯಾಗಿ ಸೂಚಿಸಿದೆ. ಅದು ಮಾದರಿ ಮಾತ್ರವಾದರೂ ಚೌಕಾಶಿಗೆ ಒಂದು ಆಧಾರ.

ತಾನು ಅಳವಡಿಸಿದ ಉಪಕರಣಗಳನ್ನು ಮಳಿಗೆ ಬಿಡುವ ಮುನ್ನ ತೆಗೆದುಕೊಂಡು ಹೋಗುವ ಹಕ್ಕು ಬಾಡಿಗೆದಾರನಿಗೆ 108ನೆಯ ಪ್ರಕರಣದಲ್ಲಿಯೇ ಇದೆ; ಕಟ್ಟಡವನ್ನು ಮೊದಲಿನ ಸ್ಥಿತಿಯಲ್ಲಿ ಬಿಟ್ಟುಕೊಡಬೇಕಾಗುತ್ತದೆ. ಎಲ್ಲ ಅಳವಡಿಕೆಗಳೂ ಮಾಲೀಕರಿಗೆ ಸೇರತಕ್ಕದ್ದು ಎಂಬ ಸಾಲು ಸಿದ್ಧ ನಮೂನೆಯಲ್ಲಿದ್ದರೆ ಆ ಹಕ್ಕು ಹೋಯಿತು. ಬೆಸ್ಕಾಂ ಮಾಪಕ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿಯೇ ಇರುತ್ತದೆ. ಶೈತ್ಯಾಗಾರ, ಗ್ರೈಂಡರ್‌ಗಳಿಗಾಗಿ ಮಂಜೂರಾತಿ ಹೊರೆ ಹೆಚ್ಚಿಸಿದಾಗ ಕಟ್ಟುವ ಹೆಚ್ಚುವರಿ ಠೇವಣಿ ಮಾಲೀಕರ ಖಾತೆಗೆ ಸೇರುತ್ತದೆ. ಅದರ ರಸೀದಿಯ ಪ್ರತಿಯನ್ನು ಕರಾರು ಪತ್ರದೊಂದಿಗೆ ಲಗತ್ತಿಸಿ, ತೆರವಿನ ದಿನ ಮುಂಗಡದ ಜೊತೆಗೆ ಅದನ್ನೂ ಹಿಂದಿರುಗಿಸತಕ್ಕದ್ದೆಂದು ಬರೆಸಬೇಕು.