ಹಲಗೆ ಗೋಡೆಗಳ ನಡುವೆ ಪಳಗಿದ ಎಡಗಾಲು

ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ 2003ರ ಅತ್ಯುತ್ತಮ ಆಟಗಾರ ಪ್ರಶಸ್ತಿ ಸಂದದ್ದು ನಲವತ್ತು ತುಂಬಿದ್ದ ಒಬ್ಬ ಮಿಡ್‌ಫೀಲ್ಡರ್‌ಗೆ. ಆ ಋತುವಿನಲ್ಲಿ ಅವರು ಹೊಡೆದದ್ದು 12 ಗೋಲು, ಜೊತೆಗಾರರಿಗೆ ಒದಗಿಸಿಕೊಟ್ಟದ್ದು 17. ಆರು ವರ್ಷ ಮೊದಲು, 1997ರಲ್ಲಿ, ಇದೇ ಪ್ರಶಸ್ತಿ ಗೆದ್ದಾಗಲೂ ಅವರ ಲೆಕ್ಕ ಇಷ್ಟೇ ಇತ್ತು: 12 ಮತ್ತು 17. ಹೆಸರು ಪ್ರೆದ್ರಾಗ್ ರಾದೊಸಾವ್ಲ್ಯೆವಿಚ್. ಫುಟ್‌ಬಾಲ್ ಪ್ರೇಮಿಗಳಿಗೆ ಪ್ರೆಕಿ.

1963ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಹುಟ್ಟಿದ ಪ್ರೆಕಿ ಬೆಳೆದದ್ದು ಊರಿನ ಹೆಸರಾಂತ ಕ್ಲಬ್ ರೆಡ್ ಸ್ಟಾರ್‌ನಲ್ಲಿ. ಅಲ್ಲಿ ಪ್ರತಿಭಾವಂತರ ದಂಡೇ ಇತ್ತು. ಮೊದಲ ತಂಡದಲ್ಲಿ ಜಾಗ ಸಿಗುವುದು ಕಷ್ಟ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನ ಮಾಜಿ ಡಿಫೆಂಡರ್ ಬಾಬ್ ಮೆಕ್‌ನ್ಯಾಬ್ ಯುಗೊಸ್ಲಾವಿಯಾದ ಚಿಕ್ಕ ಟೂರ್ನಿಯೊಂದರಲ್ಲಿ ಪ್ರೆಕಿಯನ್ನು ಕಂಡರು. ಹೀಗೆ 1985ರಲ್ಲಿ ಪ್ರೆಕಿ ಅಮೆರಿಕದ ಟಕೋಮಾ ಸ್ಟಾರ್ಸ್ ಸೇರಿದರು. ಅದು ಒಳಾಂಗಣ ಫುಟ್‌ಬಾಲ್ ತಂಡ.

ಆಗ ಅಮೆರಿಕದಲ್ಲಿ ಬೇರೆ ದಾರಿಯೂ ಅಷ್ಟಾಗಿ ಇರಲಿಲ್ಲ. ಪೆಲೆಯನ್ನು ಕರೆತಂದು ಮೆರೆದಿದ್ದ ನಾರ್ತ್ ಅಮೆರಿಕನ್ ಸಾಕರ್ ಲೀಗ್ 1984ರ ಋತುವಿನೊಂದಿಗೆ ನಿಂತುಹೋಗಿತ್ತು. ಮುಂದಿನ ದೊಡ್ಡ ಹೊರಾಂಗಣ ಲೀಗ್ ಆದ ಮೇಜರ್ ಲೀಗ್ ಸಾಕರ್ ಶುರುವಾದದ್ದು 1996ರಲ್ಲಿ. ನಡುವಿನ ಬರಗಾಲದಲ್ಲಿ ಫುಟ್‌ಬಾಲಿಗರಿಗೆ ಸಂಬಳ, ಜನರಿಗೆ ಆಟ ಕೊಟ್ಟದ್ದು 1978ರಲ್ಲಿ ಆರಂಭವಾಗಿದ್ದ ಒಳಾಂಗಣ ಲೀಗ್.

ಈ ಆಟದ ಕಣ ಐಸ್ ಹಾಕಿ ಅಂಕಣದಷ್ಟೇ: ಸುಮಾರು 200 ಅಡಿ ಉದ್ದ, 85 ಅಡಿ ಅಗಲ. ಮೇಲೆ ಕೃತಕ ಹುಲ್ಲಿನ ಹಾಸು, ಸುತ್ತ ಹಲಗೆಯ ಗೋಡೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಜನ. ತಲಾ 15 ನಿಮಿಷದ ನಾಲ್ಕು ಅವಧಿ. ಚೆಂಡು ಗೋಡೆಗೆ ಬಡಿದು ಮರಳಿ ಬರುತ್ತದೆ, ಆಟ ನಿಲ್ಲುವುದಿಲ್ಲ. ಆಟ ನಡೆಯುತ್ತಿರುವಾಗಲೇ ಆಟಗಾರರ ಅದಲುಬದಲು. ಚೆಂಡು ಕಾಲಿಗೆ ತಾಗಿದೊಡನೆ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಮೊಳದಷ್ಟು ಜಾಗದಲ್ಲಿ ತಿರುಗಿ ಚೆಂಡು ಹೊಡೆಯಲು ಬಾರದವನಿಗೆ ಇಲ್ಲಿ ಕೆಲಸವಿಲ್ಲ.

ಪ್ರೆಕಿಯ ಪ್ರಸಿದ್ಧ ಪಟ್ಟು ಹದಗೊಂಡದ್ದು ಇಂಥ ಇಕ್ಕಟ್ಟಿನಲ್ಲಿ. ಬಲಕ್ಕೆ ಹೋದಂತೆ ಮಾಡಿ, ತಟ್ಟನೆ ಚೆಂಡನ್ನು ಎಡಗಾಲಿಗೆ ಎಳೆದುಕೊಂಡು ಹೊಡೆಯುವುದು. ಇದು ಬರುತ್ತದೆಂದು ಎದುರಾಳಿಗಳಿಗೆ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗುತ್ತಿರಲಿಲ್ಲ. 1987ರಲ್ಲಿ ಟಕೋಮಾ ಲೀಗ್‌ನ ಫೈನಲ್ ಸರಣಿಯ ಏಳನೇ ಪಂದ್ಯದಲ್ಲಿ, 21 ಸಾವಿರಕ್ಕೂ ಹೆಚ್ಚು ಜನರೆದುರು, ಹೆಚ್ಚುವರಿ ಅವಧಿಯಲ್ಲಿ ಡಲ್ಲಾಸ್‌ಗೆ ಸೋತಿತು. 1989ರಲ್ಲಿ ಪ್ರೆಕಿ ಲೀಗ್‌ನ ಅತ್ಯುತ್ತಮ ಆಟಗಾರರಾದರು.

1992ರಲ್ಲಿ ಆ ಲೀಗ್ ಕೂಡ ಮುಚ್ಚಿತು. ಇಂಗ್ಲೆಂಡಿನ ಎವರ್ಟನ್ ಕ್ಲಬ್‌ನ ಮ್ಯಾನೇಜರ್ ಹೊವಾರ್ಡ್ ಕೆಂಡಲ್ ಪ್ರೆಕಿಯನ್ನು ತಮ್ಮ ತಂಡಕ್ಕೆ ಕರೆಸಿಕೊಂಡರು. ಎರಡು ಋತು ಅಲ್ಲಿ, ಒಂದು ಋತು ಪೋರ್ಟ್ಸ್‌ಮತ್‌ನಲ್ಲಿ ಆಡಿದರೂ ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು.

ಕಾನ್ಸಾಸ್ ಸಿಟಿ ತಂಡಕ್ಕೆ ಪ್ರೆಕಿ ಬಂದದ್ದು 1996ರಲ್ಲಿ, ಹೊಸ ಲೀಗ್‌ನ ಮೊದಲ ಋತುವಿಗೇ. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಪೌರತ್ವ, ಬೆನ್ನಿಗೇ ರಾಷ್ಟ್ರೀಯ ತಂಡದಲ್ಲಿ ಸ್ಥಾನ. 1998ರ ಫೆಬ್ರುವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಗೋಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ನ ಗೋಲ್‌ಕೀಪರ್ ತಫಾರೆಲ್ ಅವರನ್ನು ವಂಚಿಸಿ ಚೆಂಡನ್ನು ಬಲೆಗೆ ಸೇರಿಸಿದ್ದು ಅದೇ ಎಡಗಾಲು. ಅಮೆರಿಕದ ಗೋಲ್‌ಕೀಪರ್ ಕೇಸಿ ಕೆಲ್ಲರ್ ಎದುರಾಳಿಯ ದಾಳಿಗಳನ್ನೆಲ್ಲ ತಡೆದು ನಿಂತರು. 1-0: ಬ್ರೆಜಿಲ್ ವಿರುದ್ಧ ಅಮೆರಿಕಕ್ಕೆ ಅದೇ ಮೊದಲ ಗೆಲುವು. 2000ದಲ್ಲಿ ಕಾನ್ಸಾಸ್ ಸಿಟಿಗೆ ಲೀಗ್ ಕಪ್ ಒಲಿಯಿತು. ಪ್ರೆಕಿ ಬೂಟು ಕಳಚಿದ್ದು 2005ರಲ್ಲಿ, 42ನೇ ವಯಸ್ಸಿಗೆ. ನಂತರ ತರಬೇತುದಾರರಾಗಿ 2007ರಲ್ಲಿ ಚೀವಾಸ್ ಯುಎಸ್‌ಎ ತಂಡದೊಂದಿಗೆ ವರ್ಷದ ಕೋಚ್ ಪ್ರಶಸ್ತಿಯನ್ನೂ ಪಡೆದರು.

ಒಳಾಂಗಣದ ಆಟ ನಿಜವಾದ ಫುಟ್‌ಬಾಲ್ ಅಲ್ಲ ಎಂದು ಮೂಗು ಮುರಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಆ ಆಟದಲ್ಲಿ ಪಳಗಿದ ಪ್ರೆಕಿ ಎರಡು ಬಾರಿ ಗೆದ್ದ ಮೇಜರ್ ಲೀಗ್ ಸಾಕರ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಮತ್ತೊಬ್ಬರು ಎರಡನೇ ಸಲ ಗೆಲ್ಲಲು 2025ರವರೆಗೆ ಕಾಯಬೇಕಾಯಿತು. ಗೆದ್ದವರು ಲಿಯೊನೆಲ್ ಮೆಸ್ಸಿ.