ಮೀನಿಗೆ ಮೀನನ್ನೇ ಉಣಿಸಬೇಕೆ?

ಚೆನ್ನೈಗೆ ಬಂದ ಹೊಸತರಲ್ಲಿ ಕಾಶಿಮೇಡು ಬಂದರಿಗೆ ಹೋಗಿ ಬೂತಾಯಿ ಹುಡುಕುವುದೇ ನನ್ನ ಭಾನುವಾರದ ಕೆಲಸ. ಇಲ್ಲಿ ಅದಕ್ಕೆ ಮತ್ತಿ ಎನ್ನುತ್ತಾರೆ. ಕರಾವಳಿಯಲ್ಲಿ ಹುಟ್ಟಿದ ನಮಗೆ ಅದು ಬಡವರ ಮನೆಯ ಸಾರು. ಅದೇ ಬೂತಾಯಿ ನಮ್ಮೂರ ಕಡೆಯ ಕಾರ್ಖಾನೆಗಳಲ್ಲಿ ಫಿಶ್‌ಮೀಲ್ ಪುಡಿಯಾಗಿ, ಸಾಕಿದ ಮೀನು-ಸಿಗಡಿಗಳ ಹೊಟ್ಟೆ ಸೇರುತ್ತದೆ ಎಂಬುದು ಗೊತ್ತಿತ್ತು. ಅದರ ಬೆಲೆ ಏನೆಂದು ತಿಳಿದದ್ದು ಮಾತ್ರ ತಿರುವಳ್ಳೂರು ಕಡೆಯ ಗೆಳೆಯನೊಬ್ಬ ಕೊಳ ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಸಾಕಲು ಹೊರಟಾಗ.

ಮೊದಲ ವರ್ಷದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗಿತ್ತು. ಮೀನು ಸಾಕುವವರಿಗೆಲ್ಲ ಇದೇ ಪಾಡು. ಫಿಶ್‌ಮೀಲ್‌ನಲ್ಲಿ ಸುಮಾರು 60 ಶೇಕಡಾ ಪ್ರೋಟೀನ್ ಇರುತ್ತದೆ, ಮೀನಿಗೆ ಸುಲಭವಾಗಿ ಜೀರ್ಣವಾಗುತ್ತದೆ, ಹಾಗಾಗಿ ದುಬಾರಿ.

ಗೆಳೆಯ ಹಳೆಯ ದಾರಿ ಹಿಡಿದ: ತೌಡು ಮತ್ತು ಕಡಲೆಕಾಯಿ ಹಿಂಡಿ, ಸಮಪಾಲು. ತಮಿಳಿನಲ್ಲಿ ತವಿಡು, ಪುಣ್ಣಾಕ್ಕು. ನಮ್ಮಲ್ಲಿ ಹಸುವಿಗೆ ಹಾಕುವುದು ಇದನ್ನೇ ಅಲ್ಲವೇ! ಆದರೆ ಚೆನ್ನೈಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನವೆಂಬರ್‌ನಲ್ಲಿ ಹಿಂಡಿಯ ಚೀಲಗಳಿಗೆ ಬೂಷ್ಟು ಹಿಡಿಯಿತು. ಅಂಥ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಮೀನಿನ ಯಕೃತ್ತನ್ನು ಕೆಡಿಸುತ್ತದೆ. ಅಗ್ಗಕ್ಕೆ ತಂದ ಮಾಲನ್ನು ಗುಂಡಿ ತೋಡಿ ಹೂಳಬೇಕಾಯಿತು.

ಆಮೇಲೆ ನಾವಿಬ್ಬರೂ ಓದಿ, ಕೇಳಿ ಕಲಿತದ್ದು ಇಷ್ಟು. ಪ್ರತಿಯೊಂದು ಅಗ್ಗದ ಪದಾರ್ಥಕ್ಕೂ ಒಂದು ಷರತ್ತು ಇದೆ. ಸೋಯಾ ಹಿಂಡಿಯಲ್ಲಿ ಸುಮಾರು 45 ಶೇಕಡಾ ಪ್ರೋಟೀನ್ ಇದ್ದರೂ, ಸರಿಯಾಗಿ ಬಿಸಿ ಮಾಡದಿದ್ದರೆ ಜೀರ್ಣಕ್ಕೆ ಅಡ್ಡಿ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಇದೆ, ಮಿತಿ ಮೀರಬಾರದು. ಕೊಳೆತ ತರಕಾರಿ ತಿಂದು ಬೆಳೆಯುವ ಬ್ಲ್ಯಾಕ್ ಸೋಲ್ಜರ್ ಫ್ಲೈ ನೊಣದ ಮರಿಹುಳುಗಳನ್ನು ಒಣಗಿಸಿದರೆ ಸುಮಾರು 40 ಶೇಕಡಾ ಪ್ರೋಟೀನ್ ಸಿಗುತ್ತದೆ. ಯುರೋಪಿಯನ್ ಒಕ್ಕೂಟ 2017ರಲ್ಲೇ ಮೀನಿನ ಮೇವಿಗೆ ಕೀಟಗಳ ಪ್ರೋಟೀನ್ ಬಳಸಲು ಒಪ್ಪಿತು. ಕೊಯಂಬೇಡು ಮಾರುಕಟ್ಟೆಯ ಕಸದ ರಾಶಿ ಕಂಡಾಗಲೆಲ್ಲ ನನಗೆ ಈ ಹುಳುಗಳ ನೆನಪು.

ಯಾವ ಮೀನು ಎಂಬುದೂ ಮುಖ್ಯ. ಸೀಬಾಸ್, ಅಂದರೆ ಇಲ್ಲಿಯ ಕೊಡುವಾ, ಮಾಂಸಾಹಾರಿ. ಬರೀ ಹಿಂಡಿಯಲ್ಲಿ ಬದುಕದು. ಹೂಮೀನು ಪಾಚಿ ತಿಂದೂ ಬೆಳೆಯುತ್ತದೆ. ಚೆನ್ನೈಯಲ್ಲೇ ಇರುವ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ 2015ರಲ್ಲಿ ಹೂಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸಿತು. ಮೀನು ಮಾರುಕಟ್ಟೆಯ ತ್ಯಾಜ್ಯದಿಂದ ಕೊಳಕ್ಕೆ ಹಾಕುವ ಪೋಷಕ ದ್ರವವನ್ನೂ ಅಲ್ಲಿ ತಯಾರಿಸಿದ್ದಾರೆ.

ಕೊನೆಗೆ ಲೆಕ್ಕ. ಕಿಲೋಗೆ 50 ರೂಪಾಯಿಯ ಮೇವು ಒಂದೂವರೆ ಕಿಲೋ ಹಾಕಿದರೆ ಒಂದು ಕಿಲೋ ಮೀನು ಬರುತ್ತದೆ ಎನ್ನಿ. ಮೇವಿನ ಖರ್ಚು 75 ರೂಪಾಯಿ. 35 ರೂಪಾಯಿಯ ಮೇವು ಎರಡೂವರೆ ಕಿಲೋ ಬೇಕಾದರೆ 87 ರೂಪಾಯಿ 50 ಪೈಸೆ. ಅಗ್ಗ ಯಾವುದು? ಚೀಲದ ಬೆಲೆ ನೋಡಿ ಮೋಸಹೋಗುವುದು ಇಲ್ಲೇ.

ಗೆಳೆಯ ಈಗ ತಿಂಗಳಿಗೊಮ್ಮೆ ಬಲೆ ಹಾಕಿ ಮೀನು ತೂಗಿ ನೋಟ್‌ಬುಕ್‌ನಲ್ಲಿ ಬರೆಯುತ್ತಾನೆ. ಹಿಂಡಿಯನ್ನು ಹದಿನೈದು ದಿನಕ್ಕೆ ಬೇಕಾದಷ್ಟೇ ತಂದು ಹಲಗೆಯ ಮೇಲೆ ಇಡುತ್ತಾನೆ. ಹೋದ ಸಲ ಅವನ ಕೊಳದ ರೋಹು ಕೊಟ್ಟ. ಸಾರು ಚೆನ್ನಾಗಿತ್ತು. ಆದರೂ ಬೂತಾಯಿಯ ರುಚಿ ಬೇರೆಯೇ. ಅದು ಕಾರ್ಖಾನೆಗಿಂತ ಮೊದಲು ನಮ್ಮ ತಟ್ಟೆಗೆ ಬರಲಿ.