ಹಳೆಯ ಕಾರಿಗೆ ಎರವಲು ಮಾಪಕ

ಇತಿಹಾಸದ ವಿದ್ಯಾರ್ಥಿಗೆ ಶಾಸನ, ನಾಣ್ಯ, ಕಡತಗಳಂತೆ ಯಂತ್ರಗಳೂ ಆಕರಗಳೇ ಆಗಿವೆ. ಆದರೆ ಅವುಗಳನ್ನು ಓದುವ ಕ್ರಮವನ್ನು ನಮ್ಮ ತರಗತಿಗಳಲ್ಲಿ ಕಲಿಸುವುದು ವಿರಳ. ಬಾದಾಮಿಯ ಗೃಹಸ್ಥರೊಬ್ಬರು ಜೋಪಾನವಾಗಿ ಉಳಿಸಿಕೊಂಡಿರುವ, 1960ರ ದಶಕದ ಅಂಬಾಸಿಡರ್ ಕಾರೊಂದನ್ನು ಪರೀಕ್ಷಿಸುವ ಅವಕಾಶ ನಮಗೆ ಒದಗಿತು. ಚಾಲಕನ ಮುಂದಿನ ಫಲಕದ ಕೆಳಗೆ ಇಂಗ್ಲೆಂಡಿನಲ್ಲಿ ತಯಾರಾದ ದುಂಡನೆಯ ಆವರ್ತಮಾಪಕವೊಂದು, ಎಂದರೆ ಟ್ಯಾಕೋಮೀಟರು, ಕುಳಿತಿತ್ತು. ಇದು ಎಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದನ್ನು ತೋರಿಸುವ ಸಾಧನ. ಅದನ್ನು ಕಂಡ ನಮ್ಮ ವಿದ್ಯಾರ್ಥಿಗಳು, ಆ ಕಾಲದ ಅಂಬಾಸಿಡರ್ ಕಾರುಗಳು ಈ ಮಾಪಕದೊಡನೆಯೇ ಮಾರಾಟವಾಗುತ್ತಿದ್ದವೆಂದು ಕೂಡಲೇ ಟಿಪ್ಪಣಿ ಬರೆದುಕೊಂಡರು. ಆ ಟಿಪ್ಪಣಿ ತಪ್ಪು. ಅದು ಏಕೆ ತಪ್ಪೆಂಬುದನ್ನೂ, ಇಂಥ ಜೋಡಣೆ ಹೇಗೆ ನಡೆಯುತ್ತದೆಂಬುದನ್ನೂ ಇಲ್ಲಿ ವಿವರಿಸಬೇಕಾಗಿದೆ.

ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಅನುಸರಿಸಿ ಅಂಬಾಸಿಡರನ್ನು ಬಂಗಾಲದ ಉತ್ತರಪಾಡಾದಲ್ಲಿ ತಯಾರಿಸಿತು. ಆ ತಯಾರಿಕೆ 2014ರಲ್ಲಿ ನಿಂತಿತು. 1959ರಿಂದ ಅದಕ್ಕೆ ದೊರೆತ 1489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಎಂಜಿನು, 1955ರಲ್ಲಿ ಹೊರಬಂದ ಎಂಜಿಎ ಎಂಬ ಕ್ರೀಡಾಕಾರಿನ ಎಂಜಿನಿನ ದಾಯಾದಿ. ದಾಯಾದಿಗಳೆಂದ ಮಾತ್ರಕ್ಕೆ ಎಲ್ಲವೂ ಪರಸ್ಪರ ಹೊಂದುವುದಿಲ್ಲ. ಎಂಜಿಎ ಕಾರಿನಲ್ಲಿ ಆವರ್ತಮಾಪಕವು ಕ್ಯಾಮ್ ದಂಡದಿಂದ ಹೊರಟ ತಂತಿಯ ತಿರುಗುವಿಕೆಯಿಂದ ನಡೆಯುತ್ತಿತ್ತು. ಮನೆಮಂದಿಯ ಬಳಕೆಗೆಂದು ಮಾಡಿದ ಅಂಬಾಸಿಡರಿನಲ್ಲಿ ಆ ಏರ್ಪಾಡು ಇಲ್ಲ. ಆದುದರಿಂದ ಇಂಥ ಕಾರಿಗೆ ಮಾಪಕ ಬೇಕೆನ್ನುವವರು ವಿದ್ಯುತ್ತಿನಿಂದ ನಡೆಯುವುದನ್ನೇ ಹುಡುಕಬೇಕಾಗುತ್ತದೆ.

ವಿದ್ಯುತ್ ಮಾಪಕವು ಸುತ್ತುಗಳನ್ನು ನೋಡುವುದೇ ಇಲ್ಲ, ಕಿಡಿಗಳನ್ನು ಎಣಿಸುತ್ತದೆ. ಇದೇ ಈ ವಿಷಯದ ತಿರುಳು. ನಾಲ್ಕು ಹೊಡೆತದ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಎಂದಮೇಲೆ ನಾಲ್ಕು ಸಿಲಿಂಡರಿನ ಎಂಜಿನು ಸುತ್ತೊಂದಕ್ಕೆ 2 ಕಿಡಿಗಳನ್ನೂ, ಆರು ಸಿಲಿಂಡರಿನದು 3 ಕಿಡಿಗಳನ್ನೂ, ಎಂಟರದು 4 ಕಿಡಿಗಳನ್ನೂ ಕೊಡುತ್ತದೆ. ನಮ್ಮ ಅಂಬಾಸಿಡರಿಗೆ ಕೂಡಿಸಿದ ಮಾಪಕವು ಆರು ಸಿಲಿಂಡರಿನ ಕಾರಿನಿಂದ ಬಂದದ್ದು. ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಹೊರಡುವ ಕಿಡಿಗಳು 6,000. ಅವನ್ನು ಮೂರರಿಂದ ಭಾಗಿಸಿ ಮುಳ್ಳು 2,000ದಲ್ಲಿ ನಿಲ್ಲುತ್ತದೆ. "ಗಾಡಿ ನಿಂತಲ್ಲಿ ಬರೇ ಐದುನೂರಕ್ಕೆ ನಡೀತದ್ರೀ" ಎಂದು ಯಜಮಾನರು ಅಭಿಮಾನದಿಂದ ಹೇಳಿದರು. ನಿಜದಲ್ಲಿ ಅದು 750. ಇಲ್ಲಿ ಕುತೂಹಲಕ್ಕಿಂತ ಮಿಗಿಲಾದ ಅಪಾಯವೂ ಉಂಟು: ಮುಳ್ಳು 3,000 ತೋರಿಸುವಾಗ ಎಂಜಿನು 4,500ರಲ್ಲಿ ತಿರುಗುತ್ತಿರುತ್ತದೆ. ಮಾಪಕವನ್ನು ನಂಬಿದ ಚಾಲಕನು ಹಳೆಯ ಎಂಜಿನನ್ನು ತಿಳಿಯದೆಯೇ ಕೆಡಿಸಿಬಿಡುವನು. ಮಾಪಕವೇ ಇಲ್ಲದಿದ್ದರೆ ಅವನು ಕಿವಿಯನ್ನಾದರೂ ನಂಬುತ್ತಿದ್ದನು.

ಜೋಡಣೆಗೆ ಮುನ್ನ ಇನ್ನೆರಡು ಸಂಗತಿಗಳನ್ನು ನೋಡಬೇಕು. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಗಾಡಿಯ ಒಡಲಿಗೆ ಕೂಡಿಸುತ್ತಿದ್ದರು. ಎಂಜಿಬಿ ಕಾರಿನಲ್ಲಿ 1967ರಲ್ಲಿ ಋಣಾಗ್ರದ ಪದ್ಧತಿ ಬಂದಿತು. ಒಂದು ಪದ್ಧತಿಯ ಮಾಪಕವನ್ನು ಇನ್ನೊಂದಕ್ಕೆ ನೇರವಾಗಿ ಕೂಡಿಸಿದರೆ ಒಳಗಿನ ಟ್ರಾನ್ಸಿಸ್ಟರು ಸುಟ್ಟುಹೋಗಬಹುದು. ಎರಡನೆಯದು, ಸ್ಮಿತ್ಸ್ ಸಂಸ್ಥೆಯ ಮಾಪಕಗಳಲ್ಲಿ ಎರಡು ಬಗೆ: ಇಗ್ನಿಷನ್ನಿಗೆ ಹೋಗುವ ತಂತಿಯನ್ನೇ ಮಾಪಕದ ಮೂಲಕ ಹಾಯಿಸಿ ಪ್ರವಾಹವನ್ನು ಎಣಿಸುವುದು ಹಳೆಯ ಬಗೆ, ಕಾಯಿಲಿನ ಒಂದು ತುದಿಗೆ ಬೇರೊಂದು ತಂತಿಯನ್ನು ಕೂಡಿಸಿ ಒತ್ತಡದ ಏರಿಳಿತವನ್ನು ಎಣಿಸುವುದು ಅನಂತರದ್ದು. ಬಗೆಯನ್ನು ಅರಿಯದೆ ತಂತಿ ಕೂಡಿಸಿದರೆ ಮುಳ್ಳು ಅಲುಗದು.

ಸಿಲಿಂಡರುಗಳ ಲೆಕ್ಕವನ್ನು ಸರಿಪಡಿಸಲು ಮಾಪಕವನ್ನು ಬಿಚ್ಚಿ ಒಳಗಿನ ಚಿಕ್ಕ ರೋಧಕವನ್ನು ತಿರುಗಿಸಬೇಕು. ಅದರಿಂದ ಸಾಲದಿದ್ದರೆ ರೋಧಕವನ್ನೋ ಸಂಗ್ರಾಹಕವನ್ನೋ ಬದಲಿಸಬೇಕು. ಬಳಿಕ ಎಂಜಿನಿನ ರಾಟೆಗೆ ಹೊಳೆಯುವ ಪಟ್ಟಿಯೊಂದನ್ನು ಅಂಟಿಸಿ, ಬೆಳಕಿನಿಂದ ಎಣಿಸುವ ಕೈಮಾಪಕದೊಡನೆ ಮುಳ್ಳನ್ನು ತಾಳೆ ನೋಡಬೇಕು. ಕೇವಲ ಒಂದು ವೇಗದಲ್ಲಿ ತಾಳೆ ನೋಡಿದರೆ ಸಾಲದು.

ಇಷ್ಟು ಮಿಸ್ತ್ರಿಯ ಕೆಲಸ. ಇತಿಹಾಸಕಾರನ ಕೆಲಸ ಇಲ್ಲಿಂದ ಮುಂದೆ ಉಂಟು. ಹುನಗುಂದ ತಾಲೂಕಿನ ಐಹೊಳೆಯ ದುರ್ಗದ ಗುಡಿಯನ್ನು ದುರ್ಗಾದೇವಿಯ ಗುಡಿಯೆಂದು ಇಂದಿಗೂ ಎಷ್ಟೋ ಜನ ಭಾವಿಸುತ್ತಾರೆ. ಆ ಹೆಸರು ಬಂದದ್ದು ದುರ್ಗದಿಂದ, ಎಂದರೆ ಕೋಟೆಯಿಂದ. ಅಲ್ಲಿಯ ಶಾಸನವಾದರೋ ಅದನ್ನು ಆದಿತ್ಯನ ಆಲಯವೆನ್ನುತ್ತದೆ. ಅಲ್ಲಿಯೇ ಲಾಡಖಾನ್ ಗುಡಿಗೆ ಹೆಸರು ಬಂದದ್ದು ಮುಂದೆಂದೋ ಅದರಲ್ಲಿ ವಾಸವಾಗಿದ್ದವನಿಂದ. ಆಮೇಲೆ ಬಂದು ಸೇರಿದ್ದು ಮೂಲವಸ್ತುವಿನ ಗುರುತನ್ನೇ ಬದಲಿಸುವುದು ಹೀಗೆ. ಕಟ್ಟಡಗಳ ಮಟ್ಟಿಗೆ 1964ರ ವೆನಿಸ್ ಸನದು, ಕೊರತೆಯನ್ನು ತುಂಬಲು ಸೇರಿಸಿದ ಭಾಗವು ಇಡಿಯೊಡನೆ ಹೊಂದಿಕೊಳ್ಳಬೇಕು, ಆದರೂ ಮೂಲದಿಂದ ಬೇರೆಯೆಂದು ತಿಳಿಯುವಂತಿರಬೇಕು ಎಂದು ವಿಧಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೂ ಟ್ಯೂರಿನ್ ಸನದಿನಲ್ಲಿ ಇದೇ ಹಾದಿಯನ್ನು ಹಿಡಿದಿದೆ.

ಮಾಪಕವನ್ನು ಕಿತ್ತೊಗೆಯಬೇಕೆಂಬುದು ನಮ್ಮ ವಾದವಲ್ಲ. ಒಂದು ಕಾಲದ ಒಡೆಯನಿಗೆ ಕ್ರೀಡಾಕಾರಿನ ಹಂಬಲವಿದ್ದಿತೆಂಬುದಕ್ಕೆ ಅದೇ ಸಾಕ್ಷಿ; ಅದೂ ಈ ಕಾರಿನ ಚರಿತ್ರೆಯ ಅಂಗ. ಮೂಲ ಫಲಕಕ್ಕೆ ರಂಧ್ರ ಕೊರೆಯದೆ ಕೆಳಗೆ ಪಟ್ಟಿಯಿಂದ ಬಿಗಿದವನ ವಿವೇಕವನ್ನು ಮೆಚ್ಚಲೇಬೇಕು. ಅವನು ಮಾಡದೆ ಬಿಟ್ಟದ್ದು ಬರೆದಿಡುವುದೊಂದನ್ನೇ. ಯಜಮಾನರ ಒಪ್ಪಿಗೆಯಿಂದ ನಾವು ಮಾಪಕದ ಮೂಲ, ಒಳಗೆ ಬದಲಿಸಿದ ರೋಧಕದ ಬೆಲೆ, ತಾಳೆ ನೋಡಿದ ತಾರೀಖು ಇವುಗಳನ್ನು ಬರೆದ ಚೀಟಿಯೊಂದನ್ನು ಅದರ ಬೆನ್ನಿಗೆ ಅಂಟಿಸಿದೆವು. ತೆಗೆದ ಹಳೆಯ ರೋಧಕವನ್ನು ಲಕೋಟೆಯಲ್ಲಿ ಹಾಕಿ ಕಾರಿನ ಕಾಗದಪತ್ರಗಳೊಡನೆ ಇರಿಸಲಾಗಿದೆ. ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಯನ್ನು ತಿದ್ದಿಕೊಂಡರು. ಮುಳ್ಳು ಈಗ 750ರಲ್ಲಿ ನಿಲ್ಲುತ್ತದೆ.